ಹ್ಯಾಂಡಲ್ ಹಿಂದಿನ ಗುಳಿ

ಕಾರಿನ ಬಾಗಿಲ ಹ್ಯಾಂಡಲ್ ಹಿಂದೆ ಒಂದು ಗುಳಿ ಇರುತ್ತದೆ, ಬೆರಳು ತೂರಿಸಲು ಬಿಟ್ಟ ಜಾಗ. ಅದನ್ನು ಯಾರೂ ನೋಡುವುದಿಲ್ಲ. ನಾನೂ ನೋಡಿರಲಿಲ್ಲ. ನನ್ನ ಹೆಂಡತಿ ನೋಡಿದ್ದಳು. ಆಯುಧಪೂಜೆಯ ದಿನ ಬಾನೆಟ್ಟಿಗೆ, ಸ್ಟಿಯರಿಂಗಿಗೆ, ಚಕ್ರಗಳಿಗೆ ಗಂಧ ಕುಂಕುಮ ಇಟ್ಟ ಮೇಲೆ ಬೆರಳಲ್ಲಿ ಉಳಿದದ್ದನ್ನು ತಾನು ಕೂರುವ ಬಾಗಿಲಿನ ಆ ಗುಳಿಗೂ ಹಚ್ಚುವಳು. "ದಿನಾ ಕೈ ಹಾಕೋ ಜಾಗ ಅಲ್ವೇನ್ರೀ, ಅಲ್ಲೂ ಇರ್ಲಿ" ಎನ್ನುವಳು. ನಾನು ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುವ ಆತುರದಲ್ಲಿ ಹೂಂ ಎನ್ನುತ್ತಿದ್ದೆ.

ಹೋದ ವರ್ಷದ ಪೂಜೆ ನಾನೊಬ್ಬನೇ ಮಾಡಿದೆ. ಅಷ್ಟರಲ್ಲಿ ಅವಳು ಕೆಂಗೇರಿಯಲ್ಲಿ ಬೇರೆ ಮನೆ ಮಾಡಿದ್ದಳು. ಅವಳು ಪಾಠ ಹೇಳುವ ಶಾಲೆ ಅಲ್ಲಿದೆ. ವಿಜಯನಗರದಿಂದ ಮೆಟ್ರೋ ಇದೆ, ಅದರಲ್ಲೇ ಹೋಗಿ ಬರುತ್ತಿದ್ದವಳು ಒಂದು ದಿನ "ಓಡಾಟ ಸಾಕಾಯ್ತು" ಅಂದಳು. ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಜಗಳ ಏನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಮಾಡಿಕೊಳ್ಳಬಹುದಿತ್ತು. ನಮ್ಮಿಬ್ಬರ ಮಾತು ಸವೆದು ಸವೆದು ಗ್ಯಾಸ್ ಬಂತಾ, ಹಾಲು ಕಾಯಿಸಿದೆಯಾ ಎನ್ನುವಷ್ಟಕ್ಕೆ ಬಂದು ನಿಂತಿತ್ತು. ಅವಳು ವಾಪಸು ಬರಬೇಕು ಎಂಬ ಆಸೆಯೊಂದೇ ನನಗಿದ್ದದ್ದು. ಅದನ್ನು ಅವಳ ಎದುರಿಗೆ ಹೇಳುವುದಕ್ಕೆ ಮಾತ್ರ ಬಾಯಿ ಬರುತ್ತಿರಲಿಲ್ಲ.

ಒಬ್ಬನೇ ಮಾಡಿದ ಪೂಜೆಯಲ್ಲಿ ಏನೂ ಕಡಿಮೆಯಾಗಬಾರದೆಂದು ಗಂಧವನ್ನು ಧಾರಾಳವಾಗಿ ಕಲಸಿ ಗುಳಿ ತುಂಬ ಮೆತ್ತಿದೆ. ಪ್ರತಿ ವರ್ಷ ಅವಳು ಅದೇ ಸಂಜೆ ಒದ್ದೆ ಬಟ್ಟೆಯಲ್ಲಿ ಅದನ್ನೆಲ್ಲ ಒರೆಸಿಬಿಡುತ್ತಿದ್ದಳು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ, ಆ ಹೊತ್ತಿಗೆ ನಾನು ಒಬ್ಬಟ್ಟು ತಿಂದು ಮಲಗಿರುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಗಂಧ ಒಣಗಿ ಗಾರೆಯಂತೆ ಕಚ್ಚಿಕೊಂಡಿತ್ತು. ನೀರು ಹಾಕಿದೆ, ಜಗ್ಗಲಿಲ್ಲ. ಆಗ ನನ್ನ ತಲೆ ಓಡಿತು. ಅಡುಗೆಮನೆ ಸಿಂಕಿನ ಪಕ್ಕದಲ್ಲಿದ್ದ ಹಸಿರು ಸ್ಕ್ರಬ್ಬರ್ ತಂದು, ತಳ ಹಿಡಿದ ಪಾತ್ರೆ ತಿಕ್ಕುವ ಹಾಗೆ ಗಸಗಸ ತಿಕ್ಕಿದೆ. ಗಂಧ ಹೋಯಿತು. ಬಿಸಿಲಿಗೆ ನೋಡಿದರೆ ಕಡುನೀಲಿ ಬಣ್ಣದ ಗುಳಿಯೊಳಗೆಲ್ಲ ಸಣ್ಣ ಸಣ್ಣ ಗೀರು, ಬೆಳ್ಳಗೆ ಮಂಕು ಹಿಡಿದಿತ್ತು. ಯಾರು ನೋಡುತ್ತಾರೆ ಅಂದುಕೊಂಡು ಸುಮ್ಮನಾದೆ. ನಿಜಕ್ಕೂ ನೋಡುವವರು ಯಾರೂ ಇರಲಿಲ್ಲ, ಆ ಬಾಗಿಲನ್ನು ತೆರೆಯುವವರೇ ಇರಲಿಲ್ಲ.

ಆಮೇಲೆ ಬೇಸಿಗೆಯಲ್ಲಿ ಅವಳ ಫೋನ್ ಬಂತು. "ರೀ, ಭಾನುವಾರ ಬರ್ತೀನಿ. ನನ್ನ ಸೀರೆಗಳು, ಅಮ್ಮ ಕೊಟ್ಟಿದ್ ಪಾತ್ರೆ ಎಲ್ಲಾ ಅಲ್ಲೇ ಇದೆ. ಆಟೋದಲ್ಲಿ ಹಿಡಿಸಲ್ಲ, ಕಾರಲ್ಲಿ ಬಿಟ್‌ಕೊಡ್ತೀರಾ?"

ಉಳಿದ ಸಾಮಾನನ್ನೂ ಒಯ್ಯಲು ಬರುತ್ತಿದ್ದಾಳೆ ಎಂದು ಯಾರಿಗಾದರೂ ಅರ್ಥವಾಗುತ್ತಿತ್ತು. ನನ್ನ ಕಿವಿಗೆ ಬಿದ್ದದ್ದು "ಬರ್ತೀನಿ" ಎಂಬುದಷ್ಟೇ. ಆಗಲಿ ಆಗಲಿ ಎಂದು ಫೋನಿಟ್ಟು ಮನೆಯೆಲ್ಲ ಒಂದು ಸುತ್ತು ಹಾಕಿದೆ. ಕೆಂಗೇರಿ ತನಕ ಅವಳು ಪಕ್ಕದ ಸೀಟಿನಲ್ಲಿ ಕೂತಿರುತ್ತಾಳೆ, ಎದುರು ನಿಂತು ಹೇಳಲಾಗದ್ದನ್ನು ರಸ್ತೆ ನೋಡಿಕೊಂಡು ಹೇಳಿಬಿಡಬಹುದು ಎಂದು ಲೆಕ್ಕ ಹಾಕಿದೆ. ಆಗ ನೆನಪಾಯಿತು, ಕೂರುವ ಮೊದಲು ಅವಳು ಆ ಗುಳಿಗೆ ಕೈ ಹಾಕುತ್ತಾಳೆ. ನೋಡಿದ ತಕ್ಷಣ ಗೊತ್ತಾಗುತ್ತದೆ ಅವಳಿಗೆ. ಒಂದು ಪೂಜೆ ನೆಟ್ಟಗೆ ಮಾಡಲು ಬರದವನ ಮನೆಗೆ ಯಾರು ವಾಪಸು ಬರುತ್ತಾರೆ?

ಇಂಟರ್ನೆಟ್ಟಿನಲ್ಲಿ ಟೂತ್‌ಪೇಸ್ಟ್ ಹಚ್ಚಿ ಎಂದಿತ್ತು. ಹಚ್ಚಿದೆ. ಗುಳಿ ಘಮಘಮ ಎಂದಿತು, ಗೀರು ಇದ್ದ ಹಾಗೇ ಇತ್ತು. ಆರ್‌ಪಿಸಿ ಲೇಔಟ್ ಕಡೆ ಕಾರಿನ ಸಾಮಾನು ಮಾರುವ ಅಂಗಡಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಅಂಗಡಿಯವನು ಮೊಬೈಲನ್ನು ಅತ್ತ ಇತ್ತ ತಿರುಗಿಸಿದ.

"ಉಗುರಲ್ಲಿ ಗೀರಿ ನೋಡಿ ಸಾರ್. ಉಗುರು ಸಿಕ್ಕಾಕೊಂಡ್ರೆ ಆಳ ಹೋಗಿದೆ ಅಂತ, ಪೇಂಟೇ ಗತಿ. ಜಾರ್ಕೊಂಡ್ ಹೋದ್ರೆ ರಬ್ಬಿಂಗ್ ಕಾಂಪೌಂಡಲ್ಲಿ ಹೋಗತ್ತೆ."

"ಮಷೀನಲ್ಲಿ ನೀವೇ ಮಾಡ್ಕೊಡ್ತೀರಾ?"

"ಆ ಸಂದೀಲಿ ಮಷೀನ್ ಎಲ್ ಹೋಗತ್ತೆ ಸಾರ್? ಕೈಯಲ್ಲೇ ಮಾಡ್ಬೇಕು. ಜೋರಾಗ್ ತಿಕ್ಬೇಡಿ ಅಷ್ಟೇ."

ಗೀರು ಉಜ್ಜಿ ತೆಗೆಯುವ ಆ ಕಾಂಪೌಂಡ್ ಪೇಸ್ಟಿನದೊಂದು ಡಬ್ಬಿ ಕೊಂಡೆ. ಜೋರಾಗಿ ತಿಕ್ಕುವುದರಲ್ಲಿ ನನ್ನದು ಎತ್ತಿದ ಕೈ ಎಂದು ಅವನಿಗೆ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಕಾರನ್ನು ಬೀದಿಗೆ ತೆಗೆದೆ. ಪೋರ್ಟಿಕೋದಲ್ಲಿ ಎಡಗಡೆ ಬಾಗಿಲಿಗೂ ಗೋಡೆಗೂ ನಡುವೆ ಬೆಕ್ಕು ಕೂಡ ನುಸುಳಲಾರದು. ಹೊಂಗೆ ಮರದ ನೆರಳಲ್ಲಿ ನಿಲ್ಲಿಸಿ, ಗುಳಿಯನ್ನು ಶಾಂಪೂ ನೀರಲ್ಲಿ ತೊಳೆದು, ಒಣಗಿಸಿ, ಉಗುರು ಆಡಿಸಿ ನೋಡಿದೆ. ಜಾರಿತು. ಬದುಕಿದೆ ಅನ್ನಿಸಿತು. ಹ್ಯಾಂಡಲಿಗೆ ಕಾಂಪೌಂಡ್ ತಾಗದಂತೆ ಟೇಪು ಸುತ್ತಿದೆ. ನನ್ನ ಬೆರಳು ದಪ್ಪ, ಒಳಗೆ ಹೋದರೂ ಆಡುವುದಿಲ್ಲ. ಹಳೇ ಟೂತ್‌ಬ್ರಷ್ಷಿನ ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿ, ಕಡಲೆಕಾಳಿನಷ್ಟು ಕಾಂಪೌಂಡ್ ಹಚ್ಚಿ, ಮೆಲ್ಲಗೆ ಉಜ್ಜಿದೆ. ಒರೆಸಿ, ಟಾರ್ಚ್ ಬಿಟ್ಟು ನೋಡಿ, ಮತ್ತೆ ಉಜ್ಜಿದೆ. ಕುಕ್ಕರಗಾಲಲ್ಲಿ ಕೂತು ಮಂಡಿ ಹಿಡಿದುಕೊಂಡಿತು. ಹೋಗಿಬರುವವರೆಲ್ಲ "ಕಾರ್ ಮಾರ್ತಾ ಇದೀರಾ ಸಾರ್?" ಎಂದು ಕೇಳುವವರೇ.

ಎದುರುಮನೆಯಾಕೆಯೂ ಕೇಳಿದರು. ತಡೆಯಲಾಗದೆ ಹೇಳಿಬಿಟ್ಟೆ, "ಇಲ್ಲಮ್ಮ, ನಾಳೆ ನಮ್ಮ ಮನೆಯವ್ರು ಬರ್ತಾ ಇದಾರೆ."

"ಬರ್ತಾರಂತಾ? ಅಯ್ಯೋ, ಒಳ್ಳೇದಾಯ್ತು ಬಿಡಿ ಸಾರ್. ಮನೆ ಬಿಕೋ ಅಂತಿತ್ತು."

ನಾನು ತಿದ್ದಲಿಲ್ಲ. ಬಾಯಿಬಿಟ್ಟು ಹೇಳಿದ ಮೇಲೆ ಅದು ಅರ್ಧ ನಿಜವೇ ಆದಂತಾಗಿ, ಸಿಳ್ಳೆ ಹಾಕಿಕೊಂಡು ಉಜ್ಜಿದೆ.

ಮಂಕು ಕರಗುತ್ತ ಬಂದಂತೆ ಅದರ ಕೆಳಗೆ ಬೇರೆ ಥರದ ಗೀರುಗಳು ಕಂಡವು. ಸ್ಕ್ರಬ್ಬರಿನದು ಸುತ್ತುಸುತ್ತಾಗಿತ್ತು. ಇವು ಉದ್ದುದ್ದ, ಕೂದಲೆಳೆಯಂಥವು, ಎಲ್ಲ ಒಂದೇ ದಿಕ್ಕಿಗೆ. ಅವಳ ಉಗುರಿನವು. ಎಷ್ಟು ವರ್ಷ ಆ ಬಾಗಿಲು ತೆಗೆದಿದ್ದಳೋ ಅಷ್ಟು ವರ್ಷದವು. ಕೈ ನಿಲ್ಲಿಸಿದೆ. ಆದರೆ ಕಾಂಪೌಂಡಿಗೆ ಯಾವ ಗೀರು ಯಾರದೆಂದು ಗೊತ್ತಾಗುವುದಿಲ್ಲ. ನಾನು ಮಾಡಿದ್ದನ್ನು ಅಳಿಸಬೇಕಾದರೆ ಅವಳದೂ ಹೋಗಬೇಕಿತ್ತು. ಹೇಗೂ ಬರುತ್ತಾಳಲ್ಲ, ಹೊಸದಾಗಿ ಬೀಳುತ್ತವೆ ಎಂದುಕೊಂಡು ಉಜ್ಜಿಬಿಟ್ಟೆ. ಕೊನೆಗೆ ವ್ಯಾಕ್ಸ್ ಹಾಕಿ ಒರೆಸಿದಾಗ ಗುಳಿ ಹೊಸ ಕಾರಿನದರಂತೆ ಹೊಳೆಯಿತು. ಕರೆದು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಅವಳು ಬಂದಳು. ಸ್ವಲ್ಪ ಸೊರಗಿದ್ದಳು, ಕನ್ನಡಕ ಹೊಸದು. ನಾನು ಮಾಡಿದ ಕಾಫಿ ಕುಡಿದು, ಲೋಟವನ್ನು ತಾನೇ ತೊಳೆದು ಕವುಚಿಟ್ಟಳು. ಬೀರು ಖಾಲಿ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಮಾನನ್ನೆಲ್ಲ ಡಿಕ್ಕಿಯಲ್ಲಿ ಹೊಂದಿಸಿದೆ. ಎಲ್ಲ ಅಲ್ಲೇ ಹಿಡಿಸಿತು. ಕಾರನ್ನು ಹಿಮ್ಮುಖವಾಗಿ ಬೀದಿಗಿಳಿಸಿದೆ. ಅವಳು ಮೊದಲಿನಂತೆಯೇ ಗೇಟು ಎಳೆದು ಚಿಲಕ ಹಾಕಿದಳು. ನಾನು ಲಾಕ್ ತೆಗೆದು, ಎಡಗಡೆ ಕಿಟಕಿಯನ್ನೇ ನೋಡುತ್ತ ಕೂತೆ. ಅವಳ ಸೆರಗು ಕಿಟಕಿಯಾಚೆ ಕಾಣಿಸಿತು, ನಿಲ್ಲದೆ ಮುಂದಿನ ಬಾಗಿಲನ್ನು ದಾಟಿಹೋಯಿತು. ಹಿಂದಿನ ಬಾಗಿಲು ತೆರೆದು ಅವಳು ಹಿಂದೆ ಕೂತಳು.

"ಮುಂದೆ ಖಾಲಿ ಇದೆಯಲ್ಲೇ" ಎಂದೆ.

"ಇರ್ಲಿ ಬಿಡಿ, ಇಲ್ಲೇ ಆರಾಮಾಗಿದೀನಿ."

ಕಾರಿನಲ್ಲಿ ಹಿಂದೆ ಕೂತವರಿಗೆ ಮನಸ್ಸಿನ ಮಾತು ಹೇಳುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ನಾಯಂಡಹಳ್ಳಿಯಲ್ಲಿ ಸಿಗ್ನಲ್ ಬಿದ್ದಾಗ ಒಮ್ಮೆ ಕನ್ನಡಿಯಲ್ಲಿ ನೋಡಿದೆ. ಅವಳು ಹೊರಗೆ ನೋಡುತ್ತಿದ್ದಳು. ಎಸಿ ಜಾಸ್ತಿಯಾಯಿತೇ ಎಂದು ಕೇಳಿದೆ, ಸರಿಯಾಗಿದೆ ಎಂದಳು. ಅವಳ ಮನೆಯನ್ನು ನಾನು ಕಂಡಿರಲಿಲ್ಲ. ಕೆಂಗೇರಿ ಬಂದ ಮೇಲೆ "ಲೆಫ್ಟ್ ತಗೊಳ್ಳಿ, ಸ್ವಲ್ಪ ಮುಂದೆ, ಹಾಂ, ಇಲ್ಲೇ ಸೈಡಿಗ್ ಹಾಕಿ" ಎಂದು ದಾರಿ ಹೇಳಿದಳು. ಚೀಲಗಳನ್ನು ಇಳಿಸಿ ಗೇಟಿನ ತನಕ ಹೊತ್ತುಕೊಟ್ಟೆ.

ನಮ್ಮ ಮನೆಗಳಲ್ಲಿ ಸ್ವಂತದವರಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಜ್ವರ ಬಂದಾಗ ತಲೆ ಹತ್ತಿರ ಕೂತಿದ್ದರೂ ಹೇಳುವುದಿಲ್ಲ, ಹೇಳಿದರೆ ನೋವಾಗುತ್ತದೆ. ಮದುವೆಯಾದಾಗಿನಿಂದ ಅವಳು ಆ ಮಾತನ್ನು ನನಗೆ ಆಡಿರಲಿಲ್ಲ. ಗೇಟಿನ ಒಳಗೆ ನಿಂತುಕೊಂಡು, ಮುಖದಲ್ಲಿ ಒಂದಿಷ್ಟೂ ಸಿಟ್ಟಿಲ್ಲದೆ, "ತುಂಬಾ ಥ್ಯಾಂಕ್ಸ್" ಎಂದಳು.

"ಪರವಾಗಿಲ್ಲ" ಎಂದೆ.