ನಾಯಿಯ ಬೆನ್ನ ಮೇಲಿನ ಬರೆ

ಹೆಂಡತಿಯ ನೌಕರಿಯ ಹಿಂದೆ ಗಂಡ ಗಂಟುಮೂಟೆ ಕಟ್ಟುವುದು ನಮ್ಮ ಕಡೆ ಇನ್ನೂ ನಗುವ ವಿಷಯವೇ. ನಾನು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದೆ. ಹೆಂಡತಿ ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅವಳಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಾಗ ಗಿರಣಿಯ ಹಮಾಲರಿಂದ ಹಿಡಿದು ಗುಮಾಸ್ತರವರೆಗೆ ಎಲ್ಲರೂ ನನ್ನ ಕಾಲೆಳೆದರು. ನಾನು ಸಿಟ್ಟಿನ ಮನುಷ್ಯ. ಆದರೂ ಆ ದಿನಗಳಲ್ಲಿ ನಕ್ಕು ಸುಮ್ಮನಾಗುತ್ತಿದ್ದೆ.

ಅವಳು ಮೊದಲು ಹೋಗುವುದು, ಆರು ತಿಂಗಳ ಮೇಲೆ ನಾನು ಮತ್ತು ಹತ್ತು ವರ್ಷದ ಮಗಳು ಹೋಗುವುದು ಎಂದು ಮಾತಾಯಿತು. ಅದರಲ್ಲಿ ನಾಯಿಯನ್ನು ಸೇರಿಸಿದವಳು ಮಗಳು. "ಅದು ಬರಲಿಲ್ಲಂದ್ರ ನಾನೂ ಬರಂಗಿಲ್ಲ" ಎಂದು ಊಟದ ತಟ್ಟೆ ಸರಿಸಿ ಕೂತಳು. ಅದು ನನ್ನಪ್ಪನ ಕುರಿ ಹಿಂಡಿನ ನಾಯಿಯ ಮರಿ. ತಳಕಲ್ ಹತ್ತಿರದ ನಮ್ಮ ಊರಿನಿಂದ ಅಪ್ಪ ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತಂದು ಮೊಮ್ಮಗಳ ತೊಡೆ ಮೇಲೆ ಇಟ್ಟಿದ್ದ. ಅಂದಿನಿಂದ ಅವರಿಬ್ಬರೂ ಅಂಟಿಕೊಂಡೇ ಬೆಳೆದಿದ್ದರು. "ಬಿಟ್ಟು ಹೋಗಂಗಿಲ್ಲ, ಆತಿಲ್ಲೊ?" ಎಂದು ಮಗಳ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ಮಾತು ಕೊಡುವುದರಲ್ಲಿ ನಾನು ಯಾವಾಗಲೂ ಮುಂದು.

ನಾಯಿಯನ್ನು ಕರೆದೊಯ್ಯುವುದು ಮನುಷ್ಯರನ್ನು ಕರೆದೊಯ್ಯುವುದಕ್ಕಿಂತ ಕಷ್ಟ ಎಂದು ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲಿ ಹುಚ್ಚುನಾಯಿ ರೋಗ ಇದೆ, ಅಲ್ಲಿ ಇಲ್ಲ. ಹಾಗಾಗಿ ಅವರ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಮೊದಲು ನಾಯಿಯ ಚರ್ಮದ ಕೆಳಗೆ ನಂಬರಿರುವ ಒಂದು ಚಿಪ್ ಹಾಕಿಸಬೇಕು. ಅದರ ನಂತರವೇ ಹುಚ್ಚುನಾಯಿ ರೋಗದ ಲಸಿಕೆ. ಲಸಿಕೆಯಾಗಿ ಒಂದು ತಿಂಗಳ ಮೇಲೆ ರಕ್ತ ತೆಗೆದು ವಿದೇಶದ ಲ್ಯಾಬಿಗೆ ಕಳಿಸಬೇಕು. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಂದೊಂದು ಕಾಗದದ ಮೇಲೂ ಅದೇ ಚಿಪ್ಪಿನ ನಂಬರು ಇರಬೇಕು. ಇದರಲ್ಲಿ ಒಂದು ತಪ್ಪಿದರೂ ನಾಯಿಯನ್ನು ಅಲ್ಲಿ ಇಳಿದ ಕೂಡಲೇ ಪ್ರತ್ಯೇಕವಾಗಿ ಕೂಡಿ ಹಾಕುತ್ತಾರೆ, ಇಲ್ಲವೇ ವಾಪಸ್ ಕಳಿಸುತ್ತಾರೆ.

ಕೊಪ್ಪಳದ ಡಾಕ್ಟರೊಬ್ಬರು ಬೆಂಗಳೂರಿನಿಂದ ಚಿಪ್ ತರಿಸಿ ಎರಡು ಭುಜದ ನಡುವೆ ಹಾಕಿದರು. ಒಂದು ಅಕ್ಕಿ ಕಾಳಿನಷ್ಟು. ಯಂತ್ರ ಹಿಡಿದರೆ ಕುಂಯ್ ಎಂದು ನಂಬರು ತೋರಿಸುತ್ತಿತ್ತು. ಲಸಿಕೆಯಾಯಿತು, ರಕ್ತವೂ ಹೋಯಿತು. ಫಲಿತಾಂಶ ಬಂದ ದಿನ ಮಗಳು ಆ ಕಾಗದವನ್ನು ನಾಯಿಗೇ ಓದಿ ಹೇಳಿದಳು.

ಆಗ ಹೆಂಡತಿ ಹೋಗಿ ಎರಡು ತಿಂಗಳಾಗಿತ್ತು. ನಾನು ಗಿರಣಿಗೆ, ಮಗಳು ಸಾಲೆಗೆ ಹೋದರೆ ನಾಯಿ ದಿನವಿಡೀ ಬಾಗಿಲು ಕೆರೆಯುತ್ತಿತ್ತು. ಕಾಯುವ ದಿನಗಳು ಮುಗಿಯುವ ತನಕ ಊರಲ್ಲಿರಲಿ ಎಂದು ಅಪ್ಪನ ಹತ್ತಿರ ಬಿಟ್ಟು ಬಂದೆ. ಅಣ್ಣನ ಮಕ್ಕಳು, ಕುರಿ, ಆಡು ಎಂದು ಆ ಮನೆ ಯಾವಾಗಲೂ ಗಿಜಿಗುಡುತ್ತಿತ್ತು. ನಾಯಿಗೂ ಖುಷಿಯಾಯಿತು. ಬಿಡುವಾಗ ಅಪ್ಪ ಕೇಳಿದ್ದ.

"ಏನೇನೋ ಸೂಜಿ ಮಾಡ್ಸೀಯಂತಲ್ಲೊ ತಮ್ಮಾ, ಏನವು?"

"ಸರಕಾರದ ಕೆಲಸ ಅವು. ನಿನಗ ತಿಳಿಯಂಗಿಲ್ಲ ಬಿಡು" ಎಂದು ಬೈಕು ಚಾಲೂ ಮಾಡಿದೆ.

ಈ ಮಾತನ್ನು ನಾನು ಎಷ್ಟು ಹಗುರವಾಗಿ ಆಡಿದ್ದೆನೆಂದರೆ, ಆಡಿದ್ದೇ ಮರೆತುಹೋಗಿತ್ತು.

ನಮ್ಮ ಟಿಕೆಟ್ಟಿಗೆ ಮೂರು ವಾರ ಇರುವಾಗ ನಾಯಿಯನ್ನು ಕರೆತರಲು ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ನಾಯಿ ಓಡಿ ಬಂದು ಮೈಮೇಲೆ ಹಾರಿತು. ಬೆನ್ನು ಸವರಲು ಹೋದರೆ ಕೈ ಹಳದಿಯಾಯಿತು. ಭುಜದ ನಡುವೆ ಕೂದಲು ಸುಟ್ಟು, ರೂಪಾಯಿ ಬಿಲ್ಲೆಯಷ್ಟು ಅಗಲದ ಗಾಯ. ಅದರ ಮೇಲೆ ಅರಿಶಿನ, ಎಣ್ಣೆ.

"ಇದೇನಪ್ಪಾ?"

"ಹೆದರಬ್ಯಾಡ, ಆರಾಮ ಆಗೇತಿ" ಎಂದ ಅಪ್ಪ, ಹುರುಪಿನಲ್ಲೇ. "ಮುಂಗಾಲು ಎತ್ತಿ ಎತ್ತಿ ಕುಂಟತಿತ್ತು. ಕೈಯಾಡಿಸಿ ನೋಡಿದ್ರ ಹೆಗಲಿನ್ಯಾಗ ಸಣ್ಣ ಗಂಟು ಹತ್ತಿತು. ಕುಡಗೋಲ ಕಾಸಿ ಒಂದು ಬರೆ ಎಳದೆ. ನಾಲ್ಕ ದಿನಕ್ಕ ಕೀವು ಒಡೀತು. ಅದರ ಜೋಡಿ ಏನು ಬಂತು ಗೊತ್ತೇನು? ಇಲ್ಲಿ ನೋಡು."

ಎರಡು ಬಾಯಿಯ ಸುಣ್ಣದ ಡಬ್ಬಿಯಲ್ಲಿ ತಂಬಾಕು ಇಡುವ ಕಡೆಯ ಮುಚ್ಚಳ ತೆರೆದ. ಒಳಗೆ, ತಂಬಾಕಿನ ಪುಡಿಯ ನಡುವೆ, ಚಿಪ್ ಇತ್ತು.

"ಗಾಜಿನ ಚೂರ ಹೊಕ್ಕಿತ್ತು ಪಾಪ. ನೀ ಬಂದಾಗ ತೋರ್ಸಬೇಕಂತ ಇಟ್ಟೀನಿ."

ಎತ್ತಿನ ಹೆಗಲಿಗೆ, ಕುರಿಯ ಕೀಲಿಗೆ, ಒಮ್ಮೆ ಕಾಮಾಲೆಯಾದಾಗ ನನ್ನ ಕೈಗೂ ಬರೆ ಎಳೆದ ಕೈ ಅದು. ಆ ಕೈಗೆ ಗಂಟು ಸಿಕ್ಕರೆ ಅದು ಸುಮ್ಮನೆ ಬಿಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು? ಆದರೆ ಆ ಕ್ಷಣ ನನಗೆ ಇದೊಂದೂ ಹೊಳೆಯಲಿಲ್ಲ. ಅದು ನಾನು ಹಾಕಿಸಿದ ಚಿಪ್ ಎಂದು ಕೂಗಾಡಿದೆ. ದಡ್ಡ ಎಂದೆ, ಕುರಿಗಳ ಜೊತೆ ಇದ್ದು ಇದ್ದು ಬುದ್ಧಿ ಕುರಿಯದೇ ಆಗಿದೆ ಎಂದೆ. ಅಣ್ಣನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. ಅಪ್ಪ ಡಬ್ಬಿಯ ಮುಚ್ಚಳ ತೆರೆದಿಟ್ಟುಕೊಂಡೇ ಕೂತಿದ್ದ. ನನ್ನ ಕೂಗಾಟ ನಿಂತ ಮೇಲೆ ಒಂದೇ ಮಾತು ಕೇಳಿದ.

"ನನಗೊಂದು ಮಾತು ಹೇಳಿದ್ದೇನು?"

ನಾನು ಡಬ್ಬಿ ಕಸಿದುಕೊಂಡು, ನಾಯಿಯನ್ನು ಬಾಡಿಗೆ ಆಟೋದಲ್ಲಿ ಹಾಕಿಕೊಂಡು ಕೊಪ್ಪಳಕ್ಕೆ ಹೋದೆ. ಡಾಕ್ಟರು ಯಂತ್ರವನ್ನು ಬೆನ್ನ ಮೇಲೆ, ಹೊಟ್ಟೆಯ ಬದಿಗೆ, ಕತ್ತಿನ ಸುತ್ತ ಆಡಿಸಿದರು. ಯಂತ್ರ ಸದ್ದು ಮಾಡಲಿಲ್ಲ. ನಾನು ಡಬ್ಬಿ ಮುಂದೆ ಹಿಡಿದೆ. ಅದರಲ್ಲಿದ್ದ ಚಿಪ್ಪಿನ ಹತ್ತಿರ ತಂದರೂ ಯಂತ್ರ ಸುಮ್ಮನೇ ಇತ್ತು. ಕಾವಿಗೆ ಅದು ಸತ್ತುಹೋಗಿತ್ತು.

"ನಂಬರು ಕಾಗದದಾಗ ಐತೆಲ್ರಿ ಡಾಕ್ಟ್ರ, ಹೊಸಾದು ಹಾಕಿ ಅದನ್ನೇ ಬರದು ಕೊಡ್ರಿ" ಎಂದು ಬೇಡಿಕೊಂಡೆ.

"ಹೊಸಾದರ ನಂಬರ ಬ್ಯಾರೆ ಇರ್ತೈತ್ರಿ. ಲಸಿಕಿ, ರಕ್ತ ಎಲ್ಲಾ ಹಳೇ ನಂಬರಿಗೆ ಆಗ್ಯಾವು. ಮೊದಲಿಂದ ಸುರು ಮಾಡ್ಬೇಕು. ನಾಲ್ಕು ತಿಂಗಳ ಮ್ಯಾಲ ಬೇಕು."

ನಮ್ಮ ವೀಸಾದಲ್ಲಿ ಒಳಹೋಗಲು ಉಳಿದದ್ದು ಐದು ವಾರ. ನಮ್ಮ ಹಿಂದೆ ನಾಯಿಯನ್ನು ಯಾರಾದರೂ ಕಳಿಸಬಹುದೇ ಎಂದು ಬೆಂಗಳೂರಿನ ಏಜೆಂಟನಿಗೆ ಫೋನು ಮಾಡಿದೆ. ಮಾಲೀಕ ಹೋದ ಐದು ದಿನದೊಳಗೆ ನಾಯಿಯೂ ಹೋಗಬೇಕು, ತಡವಾದರೆ ಅದು ವ್ಯಾಪಾರದ ಮಾಲು ಎಂದು ಲೆಕ್ಕ, ಅದಕ್ಕೆ ಬೇರೆಯೇ ನಿಯಮ ಎಂದ. ಹೆಂಡತಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಅತ್ತಳು. ಆಮೇಲೆ, "ಮಗಳನ್ನ ಕರ್ಕೊಂಡು ಬರ್ರಿ. ಮಾವಗ ಏನೂ ಅನಬ್ಯಾಡ್ರಿ ಮತ್ತ" ಎಂದಳು. ಅನ್ನುವುದೆಲ್ಲ ಅಂದು ಮುಗಿದಿತ್ತು.

ಮಗಳಿಗೆ ನಾನು ನಿಜ ಹೇಳಲಿಲ್ಲ. ಆಫೀಸಿನವರು ಕಾಗದ ಒಪ್ಪಲಿಲ್ಲ ಎಂದೆ. ಅವಳು ನಾಯಿಗೆಂದು ಬಡಿಗನ ಹತ್ತಿರ ಅಳತೆ ಕೊಟ್ಟು ಮಾಡಿಸಿದ ಪೆಟ್ಟಿಗೆಯೊಳಗೆ ತಾನೇ ಹೋಗಿ ಮುದುಡಿ ಕೂತಳು. ಹೊರಡುವ ಮುಂಚೆ ನಾಯಿಯನ್ನೂ ಪೆಟ್ಟಿಗೆಯನ್ನೂ ಬಿಟ್ಟು ಬರಲು ಊರಿಗೆ ಹೋದಾಗ, ಡಾಕ್ಟರು ಹಾಕಿದ್ದ ಪಟ್ಟಿ ಬಿಚ್ಚಿದ ಮೇಲೆ ಕಂಡ ಗಾಯದ ಕಡೆ ಬೆರಳು ತೋರಿಸಿ, "ಇದು ಏನಾಗಿದ್ದು?" ಎಂದಳು. ನಾನು ಬೇಲಿಯ ತಂತಿ ಗೀರಿದೆ ಎಂದೆ. ಅಪ್ಪ ಅಲ್ಲೇ ನಿಂತಿದ್ದ. ನನ್ನ ಮುಖ ನೋಡಿದ, ನಾಯಿಯ ಹಗ್ಗ ತೆಗೆದುಕೊಂಡ. ಅಪ್ಪನ ಮರ್ಯಾದೆ ಉಳಿಸಲು ಸುಳ್ಳು ಹೇಳಿದೆ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಇಲ್ಲಿಗೆ ಬಂದು ಈಗ ಏಳು ತಿಂಗಳು. ನಾನು ಒಂದು ಗೋದಾಮಿನಲ್ಲಿ ಕೆಲಸ ಮಾಡುತ್ತೇನೆ. ಮಗಳು ಹೊಸ ಸಾಲೆಗೆ ಹೋಗುತ್ತಾಳೆ, ಕಡಿಮೆ ಮಾತಾಡುತ್ತಾಳೆ. ರವಿವಾರ ಊಟವಾದ ಮೇಲೆ ಊರಿಗೆ ವಿಡಿಯೊ ಕಾಲ್. ಅಣ್ಣನ ಹೆಂಡತಿ ಫೋನು ಹಿಡಿಯುತ್ತಾಳೆ, ಅಪ್ಪ ನಾಯಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೂರುತ್ತಾನೆ. ಹಿಂದೆ ಆ ಪೆಟ್ಟಿಗೆ ಕಾಣುತ್ತದೆ, ಅದರಲ್ಲಿ ಈಗ ಕೋಳಿಗಳು ಕಾವಿಗೆ ಕೂರುತ್ತವೆ. ಅಪ್ಪ ಎಷ್ಟು ಹೊತ್ತು ಮಾತಾಡಿದರೂ ನಾಯಿಯ ಬೆನ್ನ ಮೇಲಿಂದ ಕೈ ತೆಗೆಯುವುದಿಲ್ಲ. ನೊಣ ಮುತ್ತಿದರೂ ಇನ್ನೊಂದು ಕೈಯಿಂದಲೇ ಓಡಿಸುತ್ತಾನೆ. ಬರೆ ಎಳೆದ ಜಾಗದಲ್ಲಿ ಕೂದಲು ಮತ್ತೆ ಹುಟ್ಟುವುದಿಲ್ಲ. ತಂತಿ ಗೀರಿದ್ದಕ್ಕೂ ಬರೆಗೂ ಇರುವ ವ್ಯತ್ಯಾಸ ನಮ್ಮ ಕಡೆಯ ಮಕ್ಕಳಿಗೂ ಗೊತ್ತಾಗುತ್ತದೆ. ನನ್ನ ಸುಳ್ಳನ್ನು ಅಪ್ಪ ಪ್ರತಿ ವಾರ ಅಂಗೈಯಲ್ಲಿ ಮುಚ್ಚಿಕೊಂಡು ಕೂರುತ್ತಿದ್ದ.

ಹೋದ ರವಿವಾರ ಮಗಳು ಒಮ್ಮೆಲೇ, "ಅಜ್ಜಾ, ಕೈ ತಗಿ. ಅದರ ಬೆನ್ನು ನೋಡ್ತೀನಿ" ಎಂದಳು.

ನಾನು ನಡುವೆ ಬಾಯಿ ಹಾಕಿ ಬೇರೆ ಮಾತು ತೆಗೆಯಲು ನೋಡಿದೆ. ಅಪ್ಪ ನನ್ನ ಮಾತು ಕೇಳಿಸಿಕೊಳ್ಳಲಿಲ್ಲ. ನಿಧಾನಕ್ಕೆ ಕೈ ತೆಗೆದ.

"ಇದು ತಂತಿದಲ್ಲವ್ವಾ. ನಾನ ಸುಟ್ಟೀನಿ. ಗಂಟು ಅನಕೊಂಡೆ. ನಿಮ್ಮಪ್ಪ ಹಾಕ್ಸಿದ್ದು ಅಂತ ಗೊತ್ತಿದ್ದಿಲ್ಲ ನನಗ. ನಿನ್ನ ನಾಯಿ ನಿನ್ನ ಕೂಡ ಬರದಂಗ ಮಾಡಿದವ ನಾನ."

ಮಗಳು ಅಳಲಿಲ್ಲ. ಫೋನಿನಲ್ಲಿ ಆ ಬೋಳು ಜಾಗವನ್ನು ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ನೀ ಅಜ್ಜಗ ಹೇಳಿದ್ದಿಲ್ಲೇನಪ್ಪಾ?"

ಅಪ್ಪ ಆ ಕಡೆಯಿಂದ, "ಅವ ಹೇಳಿದ್ದನವ್ವಾ, ನನಗ ನೆನಪು ಹಾರಿತ್ತು" ಎಂದ.

"ಇಲ್ಲ" ಎಂದೆ ನಾನು. "ಹೇಳಿದ್ದಿಲ್ಲ."