ಎರ್ನಾಳಿಗೆ ಬಡಿಸಿದ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಎದೆ ತಟ್ಟಿ ಹೇಳಲಾರೆ. ಪುತ್ತೂರಿನ ಹತ್ತಿರದ ನಮ್ಮ ಮನೆಯಲ್ಲಿ ಆಟಿ, ಅಂದರೆ ಆಷಾಢದ ಹೊತ್ತಿನ ತಿಂಗಳು, ಬಂತೆಂದರೆ ಹಿರಿಯರಿಗೆ ಬಡಿಸುವ ಪದ್ಧತಿ. ತೀರಿಹೋದ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಚಿಕ್ಕಂದಿನಲ್ಲಿ ನನ್ನ ಭಕ್ತಿಯೆಲ್ಲ ಕೊನೆಗೆ ನಮ್ಮ ಪಾಲಿಗೆ ಬರುವ ಕೋಳಿ ಸಾರಿನ ಮೇಲೆ. "ಅಜ್ಜ ತಿಂದದ್ದು ಹೌದಾದರೆ ಕಡುಬು ಯಾಕೆ ಕಮ್ಮಿಯಾಗಲಿಲ್ಲ?" ಎಂದು ಕೇಳಿ ದೊಡ್ಡಮ್ಮನಿಂದ ತಲೆಗೆ ಮೊಟಕಿಸಿಕೊಂಡವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನನ್ನನ್ನು ಸುಲಭಕ್ಕೆ ಮರುಳಾಗುವ ಹೆಂಗಸು ಎಂದು ನೀವು ತಿಳಿಯಬಾರದು.

ಕೆಲವು ವರ್ಷಗಳ ಹಿಂದಿನ ಮಾತು. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಕುರ್ಟ್ ಅಂಕಲ್ ಎಂಬ ಜರ್ಮನ್ ಮುದುಕರು ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಒಂದು ದಿನ ಅವರ ಪ್ರಿಂಟರ್ ಕೈಕೊಟ್ಟಿತು. ನಾನು ಐಟಿಯವಳೆಂದು ಅವರಿಗೆ ಗೊತ್ತಿತ್ತು, ಬಂದು ಬಾಗಿಲು ತಟ್ಟಿದರು. ಪ್ರಿಂಟರ್ ಸರಿಮಾಡಲು ಹೋದವಳು ಅದರಿಂದ ಹೊರಬಂದ ಕಾಗದವನ್ನು ನೋಡಿದೆ. ಅದು ಜರ್ಮನಿಯ ಯಾವುದೋ ದಾಖಲೆ ಕಚೇರಿಯಿಂದ ಬಂದ ಹಳೆಯ ಚರ್ಚ್ ಪುಸ್ತಕದ ಪುಟ. ಆ ಅಕ್ಷರಗಳು ನಮ್ಮ ಶಾನುಭೋಗರ ಮೋಡಿ ಬರಹಕ್ಕೆ ಅಣ್ಣನಂತಿದ್ದವು. "ಇದನ್ನು ಓದಲಿಕ್ಕೆ ಬರುತ್ತದಾ ನಿಮಗೆ?" ಎಂದು ಕೇಳಿದೆ. "ಅರ್ಧ ಬರುತ್ತದೆ," ಎಂದರು. ಉಳಿದರ್ಧವನ್ನು ಕಲಿತೇ ತೀರುತ್ತೇನೆಂದು ಅಲ್ಲೇ ಕೂತೆ. ನನ್ನ ಗಂಡ ನನ್ನ ಸ್ವಭಾವಕ್ಕೆ ಉಡದ ಪಟ್ಟು ಎಂದು ಹೆಸರಿಟ್ಟಿದ್ದಾರೆ. ಅದನ್ನು ಹೊಗಳಿಕೆಯೆಂದೇ ನಾನು ತೆಗೆದುಕೊಂಡಿದ್ದೇನೆ.

ಕುರ್ಟ್ ಅಂಕಲ್ ಹುಟ್ಟಿದ ಹಳ್ಳಿ ಈಗ ಜರ್ಮನಿಯಲ್ಲಿಲ್ಲ. ಯುದ್ಧ ಮುಗಿದು ಗಡಿ ಸರಿದಾಗ ಅದು ಪೋಲೆಂಡಿಗೆ ಹೋಯಿತು, ಹಳ್ಳಿಯ ಜರ್ಮನರನ್ನೆಲ್ಲ ಹೊರಡಿಸಿದರು. ಆಗ ಅವರಿಗೆ ಐದು ವರ್ಷ. ಅಮ್ಮ ಹೇಳಿದ್ದನ್ನು ಕೇಳಿ ಕೇಳಿ ಅವರು ಆ ಹಳ್ಳಿಯ ನಕ್ಷೆ ಬರೆದಿಟ್ಟಿದ್ದರು. ಒಂದೇ ಬೀದಿ, ಎರಡೂ ಬದಿ ಮನೆಗಳು, ತುದಿಯಲ್ಲಿ ಚರ್ಚು. ಪ್ರತಿ ಮನೆಯವರು ಕೊನೆಗೆ ಎಲ್ಲಿ ಹೋಗಿ ಸೇರಿದರು ಎಂಬುದನ್ನು ಆ ನಕ್ಷೆಯ ಮೇಲೆ ಬರೆಯಬೇಕೆಂಬುದು ಅವರ ಆಸೆ. ನಾವಿಬ್ಬರೂ ಶನಿವಾರಗಳಂದು ಕೂತು ಚರ್ಚ್ ಪುಸ್ತಕ, ನಿರಾಶ್ರಿತರ ಶಿಬಿರಗಳ ದಾಖಲೆ, ಹಡಗಿನ ಪ್ರಯಾಣಿಕರ ಪಟ್ಟಿ ಎಲ್ಲವನ್ನೂ ಜಾಲಾಡಿದೆವು. ಕಮ್ಮಾರನ ಮನೆಯವರು ಕೆನಡಾದಲ್ಲಿ ಸಿಕ್ಕರು. ಬೇಕರಿಯವರ ಮೊಮ್ಮಗಳೊಬ್ಬಳು ಇಲ್ಲೇ ಅಡಿಲೇಡಿನಲ್ಲಿದ್ದಳು. ಒಂದೊಂದು ಮನೆ ತುಂಬಿದಾಗಲೂ ಅವರು ನನಗೆ ಕಾಫಿ ಮಾಡಿಕೊಡುತ್ತಿದ್ದರು, ಅದು ನಮ್ಮ ಕಷಾಯಕ್ಕಿಂತ ಕಹಿ.

ಎಲ್ಲ ಮನೆಗಳು ತುಂಬುತ್ತ ಬಂದರೂ ಒಂದು ಮನೆಗೆ ಮಾತ್ರ ಅವರು ಕೈ ಹಾಕಲು ಬಿಡುತ್ತಿರಲಿಲ್ಲ. ಅದು ಅವರದೇ ಮನೆ. ಕೊನೆಗೊಂದು ದಿನ ಬಾಯಿಬಿಟ್ಟರು. ಅವರಿಗೊಬ್ಬ ಅಕ್ಕ ಇದ್ದಳಂತೆ, ಏಳು ವರ್ಷಕ್ಕೆ ದೊಡ್ಡವಳು, ಹೆಸರು ಎರ್ನಾ. ಹಳ್ಳಿ ಬಿಟ್ಟು ಹೊರಟಾಗ ಯಾವುದೋ ರೈಲು ನಿಲ್ದಾಣದ ನೂಕುನುಗ್ಗಲಿನಲ್ಲಿ ತಪ್ಪಿಹೋದಳು. ಅಮ್ಮ ಸಾಯುವವರೆಗೆ ಆ ಹೆಸರು ಎತ್ತಿದರೆ ಎದ್ದು ಹೋಗುತ್ತಿದ್ದಳಂತೆ. "ಅವಳನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಅಂತ ಗೊತ್ತಾದರೆ ಸಾಕು. ನಾನು ಹೋಗುವ ಮೊದಲು ಒಂದು ಹೂವು ಕಳಿಸಬೇಕು," ಎಂದರು. ಆ ಚಳಿಗಾಲದಲ್ಲಿ ಅವರ ಹೃದಯ ಎರಡು ಸಲ ಕೈಕೊಟ್ಟಿತ್ತು. ಸಮಯ ಹೆಚ್ಚಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಸರಿ, ಎರ್ನಾ ಕ್ರಾಮರ್ ಎಂಬ ಹೆಸರು ಹಿಡಿದು ಸಾವಿನ ದಾಖಲೆಗಳ ಬೆನ್ನು ಬಿದ್ದೆ. ಶಿಬಿರಗಳಲ್ಲಿ ಕಾಯಿಲೆಯಿಂದ ಸತ್ತ ಮಕ್ಕಳು, ರೈಲಿನಲ್ಲಿ ಸತ್ತವರು, ಅನಾಥಾಲಯಗಳಲ್ಲಿ ಸತ್ತವರು. ಇಂಥ ಪಟ್ಟಿಗಳನ್ನು ಓದಿ ಎದ್ದ ದಿನ ನನ್ನ ಮಕ್ಕಳನ್ನು ಸುಮ್ಮಸುಮ್ಮನೆ ತಬ್ಬಿಕೊಳ್ಳುತ್ತಿದ್ದೆ. ಅವರು "ಮಮ್, ಸ್ಟಾಪ್ ಇಟ್" ಎಂದು ಓಡುತ್ತಿದ್ದರು. ಎರ್ನಾ ಎಲ್ಲೂ ಸಿಗಲಿಲ್ಲ.

ಆ ನಡುವೆ ಆಟಿ ಬಂತು. ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ನನ್ನ ಅಕ್ಕ ಹೊಸ ಮನೆ ಕಟ್ಟಿಸಿದ್ದಳು. ದೊಡ್ಡಮ್ಮ ಊರಿನಿಂದ ಬಂದು ಅವಳ ಜೊತೆಗಿದ್ದರು. ಹೊಸ ಮನೆಯಲ್ಲಿ ಮೊದಲ ಸಲ ಬಡಿಸುವುದು, ನೀನು ಬರಲೇಬೇಕೆಂದು ಅಕ್ಕ ಹಟ ಹಿಡಿದಳು. ಅಡುಗೆ ಮಾಡಿದವರು ಹೆಸರು ಕರೆಯುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ. ಅಕ್ಕ ಅಡುಗೆಗೆ ನಿಂತದ್ದರಿಂದ ಕರೆಯುವ ಕೆಲಸ ನನ್ನ ಪಾಲಿಗೆ ಬಂತು.

ಸಂಜೆ ಹಿಂದಿನ ಕೋಣೆಯಲ್ಲಿ ನಾನೇ ಎಲೆ ಹಾಕಿ ಬಡಿಸಿದ್ದಾಯಿತು. ಆಗ ಅಕ್ಕ ಬಾಗಿಲಲ್ಲಿ ನಿಂತು ಬೊಬ್ಬೆ ಹಾಕಿದಳು. (ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಒಂದು ಎಲೆ ಹೆಚ್ಚು ಹಾಕಿದ್ದೀಯಲ್ಲ ಮಾರಾಯ್ತಿ! ಎಣಿಸ್ಲಿಕ್ಕೆ ಬರುದಿಲ್ವಾ ನಿಂಗೆ?"

"ತೆಗೆದ್ರಾಯ್ತು ಬಿಡು," ಎಂದೆ.

"ಬಡಿಸಿದ ಎಲೆ ಹಾಗೆಲ್ಲ ತೆಗಿಲಿಕ್ಕಿಲ್ಲ," ಎಂದರು ದೊಡ್ಡಮ್ಮ. "ಯಾರದ್ದಾದ್ರೂ ಹೆಸರು ಹೇಳಿ ಕೊಡು. ಬಡಿಸುವವರೇ ಇಲ್ಲದ ಜೀವ ಎಷ್ಟಿಲ್ಲ ಲೋಕದಲ್ಲಿ."

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಹೆಸರು. ಎರ್ನಾಳ ಕತೆಯನ್ನು ಚುಟುಕಾಗಿ ಹೇಳಿದೆ.

"ಪಾಪದ ಹುಡುಗಿ, ಅವ್ಳಿಗೇ ಇರ್ಲಿ. ಮನೆ ಹೆಸರು ಎಂತದು?"

"ಕ್ರಾಮರ್."

"ಅದು ಅಪ್ಪನ ಹೆಸರಲ್ವಾ? ನಾನು ಕೇಳಿದ್ದು ಮನೆಯದ್ದು."

ನಮ್ಮ ಕಡೆ ಅಳಿಯಸಂತಾನ. ನಾವು ಅಮ್ಮನ ಮನೆಯವರು, ಆ ಮನೆಯ ಹೆಸರೇ ನಮ್ಮ ಗುರುತು. ಅವರಲ್ಲಿ ಹಾಗಿಲ್ಲ ಎಂದೆ. "ಮನೆ ಇದ್ದ ಮೇಲೆ ಅದಕ್ಕೊಂದು ಹೆಸರು ಇಲ್ದೆ ಇರ್ತದಾ?" ಎಂದು ದೊಡ್ಡಮ್ಮ ಗೊಣಗಿದರು.

ನಾನು ಕರೆಯಲು ಶುರುಮಾಡಿದೆ. ಅಜ್ಜಿ, ಅಜ್ಜ, ಮಾವಂದಿರು, ಎಲ್ಲರ ಹೆಸರನ್ನೂ ಗಟ್ಟಿಯಾಗಿ ಕರೆದೆ. ಕೊನೆಯ ಎಲೆಯ ಮುಂದೆ ಬಂದು ಬಾಯಿ ತೆರೆದೆ. ಸ್ವರ ಹೊರಡಲಿಲ್ಲ. ಅಳು ಬಂದಿರಲಿಲ್ಲ, ಕೆಮ್ಮು ಇರಲಿಲ್ಲ, ಹೆದರಿಕೆಯಂತೂ ಇರಲೇ ಇಲ್ಲ. ನಾಲಿಗೆ ಏಳುತ್ತದೆ, ಉಸಿರು ಹೊರಗೆ ಹೋಗುತ್ತದೆ, ಸದ್ದು ಮಾತ್ರ ಇಲ್ಲ. ಅಕ್ಕನ ಮಗಳು "ಚಿಕ್ಕಮ್ಮ, ಆರ್ ಯೂ ಓಕೆ?" ಎಂದಳು. "ಓಕೆ, ಓಕೆ," ಎಂದೆ, ಅದು ಸ್ಪಷ್ಟವಾಗಿಯೇ ಬಂತು. ಮತ್ತೆ ಎಲೆಯ ಕಡೆ ತಿರುಗಿದೆ. ಮತ್ತೆ ಹಾಗೇ. ನನಗೆ ಸಿಟ್ಟು ಬಂತು. ಹೊರಗಿನ ಅಂಗಳಕ್ಕೆ ಹೋಗಿ "ಎರ್ನಾ" ಎಂದು ಕೂಗಿದೆ, ಪಕ್ಕದ ಮನೆಯ ನಾಯಿ ಬೊಗಳುವಷ್ಟು ಜೋರಾಗಿ. ದಾಪುಗಾಲು ಹಾಕಿ ಒಳಗೆ ಬಂದು ಎಲೆಯ ಮುಂದೆ ನಿಂತೆ. ತುಟಿ ಆಡಿತು, ಅಷ್ಟೆ.

ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು. "ಬಿಡು ಮಗಾ, ಒತ್ತಾಯ ಮಾಡ್ಬೇಡ," ಎಂದು ಮುಂದೆ ಬಂದು, ತೆಗೆಯಬಾರದೆಂದು ತಾವೇ ಹೇಳಿದ್ದ ಆ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಇದನ್ನು ನಾವೇ ತಿನ್ನುವ. ಅವ್ಳು ಈ ಸಾಲಿನವಳಲ್ಲ."

"ಅಂದ್ರೆ ಎಂತ ದೊಡ್ಡಮ್ಮ?"

"ನಂಗೆಂತ ಗೊತ್ತು? ಕರೆದವಳು ನೀನು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಅಡುಗೆಮನೆಗೆ ನಡೆದರು.

ಮೆಲ್ಬರ್ನ್‌ಗೆ ಮರಳಿದ ಮೇಲೆ ಗಂಡನಿಗೆ ಹೇಳಿದೆ. ಸುಸ್ತು, ಪ್ರಯಾಣ, ಮನಸ್ಸಿನ ಭಾರ ಎಂದರು. ಅದನ್ನೆಲ್ಲ ನಾನೂ ವಿಮಾನದಲ್ಲಿ ನನಗೇ ಹೇಳಿಕೊಂಡಿದ್ದೆ. ಆದರೂ ಸುಮ್ಮನೆ ಕೂರಲಾಗಲಿಲ್ಲ. ಮುಂದಿನ ಶನಿವಾರ ಕುರ್ಟ್ ಅಂಕಲ್ ಮುಂದೆ ಕೂತು ನಿಮ್ಮ ಮನೆಗೆ ಹೆಸರಿತ್ತಾ ಎಂದು ಕೇಳಿದೆ.

ಅವರು ನಕ್ಕರು. "ಹೋಲ್ಟ್ಸರ್. ಊರಲ್ಲಿ ನಮ್ಮನ್ನು ಕ್ರಾಮರ್ ಅಂತ ಯಾರು ಕರೆಯುತ್ತಿದ್ದರು? ಅಪ್ಪನೇ ಅಮ್ಮನ ಮನೆಗೆ ಬಂದು ನಿಂತವನು. ನಾವೆಲ್ಲ ಹೋಲ್ಟ್ಸರ್ ಮಕ್ಕಳು."

ಮನೆ ಅಳಿಯ! ತಲೆ ಚಚ್ಚಿಕೊಳ್ಳುವಂತಾಯಿತು. "ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಯಾವ ಕಾಗದದಲ್ಲೂ ಇಲ್ಲದ ಹೆಸರು ಅದು. ನಿನಗೆ ಬೇಕಾದದ್ದು ಕಾಗದ ತಾನೇ?"

ಹನ್ನೆರಡು ವರ್ಷದ ಹುಡುಗಿ ಒಬ್ಬಳೇ ಸಿಕ್ಕಿ, ಹೆಸರೇನೆಂದು ಯಾರಾದರೂ ಕೇಳಿದರೆ ಊರವರು ಕರೆಯುವ ಹೆಸರನ್ನೇ ಹೇಳುತ್ತಾಳೆ. ನಾನಾದರೂ ಹಾಗೇ ಹೇಳುತ್ತಿದ್ದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ದೊಡ್ಡಮ್ಮನ ಮಾತು ತಲೆಯಲ್ಲಿತ್ತು, ನನ್ನ ಬಾಯಿ ಸುಮ್ಮನಿರಲಿಲ್ಲ. ಇನ್ನು ಗೋರಿಗಳಲ್ಲಿ ಹುಡುಕುವುದು ಬೇಡ, ಬದುಕಿರುವವರಲ್ಲಿ ಹುಡುಕೋಣ ಎಂದುಬಿಟ್ಟೆ.

ಅವರ ಮುಖ ಕೆಂಪಾಯಿತು. ನಕ್ಷೆಯನ್ನು ನನ್ನ ಕೈಯಿಂದ ಎಳೆದುಕೊಂಡರು. "ಸತ್ತಿದ್ದರೆ ನಾನು ಹೂವು ಕಳಿಸಬಹುದು. ಬದುಕಿದ್ದರೆ, ಇಷ್ಟು ವರ್ಷ ಅವಳು ನನ್ನನ್ನು ಹುಡುಕಲೇ ಇಲ್ಲ ಅಂತಾಯಿತಲ್ಲ! ಅದನ್ನು ತಿಳಿದುಕೊಂಡು ಸಾಯಬೇಕಾ ನಾನು?"

ಅವರು ಆ ಹುಡುಗಿಯ ಸಾವನ್ನು ಯಾಕೆ ಅಷ್ಟು ಭದ್ರವಾಗಿ ಹಿಡಿದುಕೊಂಡಿದ್ದರೆಂದು ನನಗೆ ಅಂದು ಅರ್ಥವಾಯಿತು. ಆದರೆ ಬಿಟ್ಟುಕೊಡಲಿಲ್ಲ. "ಹುಡುಕಲಿಲ್ಲ ಅನ್ನುವುದಕ್ಕೂ ನಿಮ್ಮ ಹತ್ತಿರ ಕಾಗದ ಇಲ್ಲವಲ್ಲ ಅಂಕಲ್. ತೋರಿಸಿ, ನಾನು ನಿಲ್ಲಿಸುತ್ತೇನೆ," ಎಂದೆ. ಎರಡು ವಾರ ಮಾತು ಬಿಟ್ಟರು. ಮೂರನೆಯ ಶನಿವಾರ ನಕ್ಷೆ ಹಿಡಿದುಕೊಂಡು ಅವರೇ ಬಂದು ಬಾಗಿಲು ತಟ್ಟಿದರು.

ಎರ್ನಾ ಹೋಲ್ಟ್ಸರ್ ಎಂಬ ಹೆಸರಿನಲ್ಲಿ, ಕಳೆದುಹೋದ ಮಕ್ಕಳ ದಾಖಲೆ ಇರುವ ಕಚೇರಿಗಳಿಗೆಲ್ಲ ಬರೆದೆ. ಬರೆಯುತ್ತಲೇ ಇದ್ದೆ. ಹೆಚ್ಚಿನವರು ಇಲ್ಲವೆಂದರು. ಕೊನೆಗೊಂದು ಮಧ್ಯಾಹ್ನ ಬಾಕ್ಸ್ ಹಿಲ್‌ನ ಫುಡ್ ಕೋರ್ಟಿನಲ್ಲಿ ನೂಡಲ್ಸ್ ತಿನ್ನುತ್ತಿದ್ದಾಗ ಒಂದು ಮೇಲ್ ಬಂತು. ಬದುಕಿರುವವರ ವಿವರವನ್ನು ಹೊರಗಿನವರಿಗೆ ಕೊಡುವ ಹಾಗಿಲ್ಲ, ನಿಮ್ಮ ಪತ್ರವನ್ನು ಅವರಿಗೆ ತಲುಪಿಸಬಲ್ಲೆವು ಎಂದು ಅದರಲ್ಲಿತ್ತು. ದಾಖಲೆಗಳ ಕೆಲಸ ಮಾಡಿದವರಿಗೆ ಗೊತ್ತು, ಸತ್ತವರ ಬಗ್ಗೆ ಹೀಗೆ ಬರೆಯುವುದಿಲ್ಲ. ಆಫೀಸಿಗೆ ಹೇಳದೆ ಎದ್ದು ಮನೆಗೆ ಓಡಿದೆ.

ವಿಡಿಯೋ ಕಾಲ್ ನಿಶ್ಚಯವಾದ ದಿನ ಕುರ್ಟ್ ಅಂಕಲ್ ಟೈ ಕಟ್ಟಿಕೊಂಡು ಕೂತಿದ್ದರು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡೆ. ಪರದೆಯ ಮೇಲೆ ಚಿಕ್ಕದಾಗಿ ಕುಗ್ಗಿದ ಮುದುಕಿ, ಪಕ್ಕದಲ್ಲಿ ಮೊಮ್ಮಗಳು. ಅಜ್ಜಿ ತಮ್ಮನನ್ನು ವರ್ಷಗಟ್ಟಲೆ ಹುಡುಕಿಸಿದ್ದರೆಂದು ಆಕೆ ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಕಿಸಿದ್ದು ಕುರ್ಟ್ ಹೋಲ್ಟ್ಸರ್‌ನನ್ನು. ಶಿಬಿರದಲ್ಲಿ ಅಮ್ಮ ಬರೆಸಿದ್ದು ಕುರ್ಟ್ ಕ್ರಾಮರ್ ಎಂದು.

ಅಕ್ಕ ತಮ್ಮ ಜರ್ಮನ್‌ನಲ್ಲಿ ಮಾತಾಡಿದರು. ನಾನು ಕಲಿತದ್ದು ಹಳೆಯ ಅಕ್ಷರ ಓದುವುದನ್ನು ಮಾತ್ರ, ಅವರ ಮಾತು ನನಗೆ ತಿಳಿಯಲಿಲ್ಲ. ಎರ್ನಾ ಏನೋ ಕೇಳಿದಳು, ಕುರ್ಟ್ ಅಂಕಲ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತರು. ಆಮೇಲೆ ನನಗೆ ಹೇಳಿದರು. ಆ ನಿಲ್ದಾಣದಲ್ಲಿ ಅವರು ನೀರು ಬೇಕೆಂದು ಅತ್ತಿದ್ದರಂತೆ. ಅವಳು ಡಬ್ಬಿ ಹಿಡಿದು ನೀರಿಗೆ ಹೋಗಿದ್ದಳು, ಬರುವಷ್ಟರಲ್ಲಿ ರೈಲು ಹೊರಟುಹೋಗಿತ್ತು. ಐದು ವರ್ಷದ ಹುಡುಗನಿಗೆ ಅದು ನೆನಪೇ ಇರಲಿಲ್ಲ. ಅವಳು ಈಗ ಕೇಳಿದ್ದು ಇಷ್ಟೆ: "ಆಮೇಲೆ ನಿನಗೆ ಯಾರಾದರೂ ನೀರು ಕೊಟ್ಟರಾ?"

ಬದುಕಿರುವವರಲ್ಲಿ ಹುಡುಕಬೇಕೆಂದು ನಿನಗೆ ಹೇಗೆ ಹೊಳೆಯಿತು ಎಂದು ಕುರ್ಟ್ ಅಂಕಲ್ ಕೇಳಿದರು. ಸ್ಕೋಫೀಲ್ಡ್ಸ್‌ನ ಸಂಗತಿಯನ್ನೆಲ್ಲ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಉಣ್ಣಲಿಕ್ಕೆ ಬಂದು ಕೂತಿದ್ದವರಲ್ಲೇ ಯಾರಾದರೂ ನಿನ್ನ ಬಾಯಿ ಮುಚ್ಚಿದರೇನೋ," ಎಂದರು.

ನನಗೆ ಗೊತ್ತಿಲ್ಲ. ಡಾಕ್ಟರ ಹತ್ತಿರವೂ ಹೋಗಿಬಂದೆ, ಗಂಟಲಲ್ಲಿ ಏನೂ ದೋಷವಿಲ್ಲವೆಂದರು. ಓದುತ್ತಿರುವ ನಿಮಗೆ ಏನಾದರೂ ಕಾರಣ ಹೊಳೆದರೆ ಕೇಳಲು ಸಿದ್ಧಳಿದ್ದೇನೆ, ಸುಲಭಕ್ಕೆ ಒಪ್ಪುವವಳಲ್ಲ ಅಷ್ಟೆ. ಆ ಸಂಜೆ ಎರ್ನಾಳ ಎಲೆಯ ಪಕ್ಕದಲ್ಲೇ ನನ್ನ ಅಮ್ಮನ ಎಲೆ ಇತ್ತು. ಅಮ್ಮ ತೀರಿಹೋಗಿ ಆಗ ವರ್ಷವೂ ತುಂಬಿರಲಿಲ್ಲ. ಅವಳ ಹೆಸರು ನನ್ನ ಬಾಯಿಂದ ಬರಲಾರದೆಂದು ನಾನು ಬೆಳಿಗ್ಗೆಯಿಂದ ಹೆದರಿದ್ದೆ, ಅದು ಸಲೀಸಾಗಿ ಬಂದಿತ್ತು.