ಬೈದವರಿಗೆ ಉತ್ತರ ಕೊಡದೆ ಉಣ್ಣದ ಮಾಸ್ತರು

ಚನ್ನಬಸಪ್ಪ ಮಾಸ್ತರು ತಮ್ಮನ್ನು ಬೈದವರಿಗೆ ಉತ್ತರ ಕೊಡದೆ ಒಂದು ತುತ್ತು ರೊಟ್ಟಿ ಮುರಿಯುತ್ತಿರಲಿಲ್ಲ. ಬೈಲಹೊಂಗಲದ ನನ್ನ ಝೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಬುತ್ತಿಯ ಗಂಟನ್ನು ಬಿಚ್ಚದೆ ಇಟ್ಟುಕೊಂಡು, “ಯಾರ್ಯಾರು ಬಂದಾರ, ಓದು ಯವ್ವಾ” ಅನ್ನುವರು. ಬಂದವರು ಅಂದರೆ ಅವರ ಧಾರ್ಮಿಕ ಬ್ಲಾಗಿಗೆ ಬಂದ ಕಮೆಂಟುಗಳು. ನಾನು ಓದುವುದು, ಅವರು ಉತ್ತರ ಹೇಳುವುದು, ನಾನು ಟೈಪ್ ಮಾಡುವುದು.

ಬಾಗಿಲಿಗೆ ಬಂದವರಿಗೆ ಉಣಿಸದೆ ಮನೆಯವರು ಉಣ್ಣುವ ಪದ್ಧತಿ ಅವರ ಮನೆತನದಲ್ಲಿ ಇರಲಿಲ್ಲವಂತೆ. ಆ ಪದ್ಧತಿಯನ್ನು ಪುಣ್ಯಾತ್ಮ ಹಾಗೇ ತಂದು ಬ್ಲಾಗಿಗೆ ಹಚ್ಚಿದ್ದರು. “ಬೈಯಾಕ ಬಂದಾವನೂ ನಮ್ಮ ಬಾಗಲಕ್ಕ ಬಂದಾವನ. ಅವನ್ನ ಹೊರಗ ನಿಂದ್ರಿಸಿ ನಾ ಒಳಗ ಉಂಡರ ಅನ್ನ ಮೈಗೆ ಹತ್ತತೈತೇನ?” ಸಕ್ಕರೆ ಕಾಯಿಲೆಯ ಮನುಷ್ಯ, ಮಾತ್ರೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗುತ್ತಿತ್ತು. ದಿನಕ್ಕೆ ಮೂರೋ ನಾಲ್ಕೋ ಕಮೆಂಟು ಬರುತ್ತಿದ್ದ ಕಾಲದಲ್ಲಿ ಹೇಗೋ ನಡೆಯಿತು.

ಬರೆಯುವ ವಿಷಯ ಅವರಿಗೆ ಸಿಗುತ್ತಿದ್ದುದು ತಮ್ಮೂರು ನೇಸರಗಿಯಿಂದ ಬರುವ ಬಸ್ಸಿನಲ್ಲಿ. ಸಾಲೆಯ ನೌಕರಿಯಿಂದ ನಿವೃತ್ತರಾದ ಮೇಲೆ ದಿನಾ ಆ ಬಸ್ಸಿಗೇ ಬರುವರು, ಪಕ್ಕದಲ್ಲಿ ಕುಳಿತವರನ್ನು “ದೇವರ ಬಗ್ಗೆ ಏನರ ಸಂಶೆ ಐತೇನ್ರಿ?” ಎಂದು ಕೇಳುವರು. ಗ್ರಂಥದ ವಿಷಯ ಬರೆಯಿರಿ ಎಂದು ನಾನಂದರೆ, “ಗ್ರಂಥದಾಗಿದ್ದದ್ದು ಗ್ರಂಥದಾಗ ಐತಿ, ಕಳ್ಳರೇನ ಒಯ್ಯಂಗಿಲ್ಲ. ಬಸ್ಸಿನ್ಯಾಗ ಕೇಳಿದ್ದಕ್ಕ ಯಾರು ಉತ್ತರಾ ಕೊಡಾವ್ರು?” ಸೂತಕದ ಮನೆಯ ಎಮ್ಮೆಗೂ ಸೂತಕವೇ? ಮೊಬೈಲಿನಲ್ಲಿ ಆರತಿ ನೋಡುವಾಗ ಚಪ್ಪಲಿ ಬಿಡಬೇಕೇ? ಇಂಥವು. ನಾನು ನಗುತ್ತಲೇ ಟೈಪ್ ಮಾಡುತ್ತಿದ್ದೆ.

‘ಧರ್ಮದ ಕಾವಲುಗಾರ’ ಎಂದು ಹೆಸರಿಟ್ಟುಕೊಂಡವನೊಬ್ಬ ಎರಡು ವರ್ಷ ತಪ್ಪದೆ ಬೈದ. “ಏ ಮುದುಕಾ, ನಿನಗೇನ ಗೊತ್ತೈತಿ?” ಎಂದು ಅವನು ಬರೆದರೆ ಮಾಸ್ತರ ಉತ್ತರ: “ಗೊತ್ತಿಲ್ಲಂತನ ಬರಿಯಾಕ ಹತ್ತೇನ್ರಿ. ನಿಮಗ ಗೊತ್ತಿದ್ರ ಕುಂತು ಹೇಳ್ರಿ, ಚಾ ಇಡಸ್ತೇನಿ.” ಆಮೇಲೆ ಬುತ್ತಿ ಬಿಚ್ಚುತ್ತ ನನಗೆ ಹೇಳುವರು, “ಬೀಗರರ ಇಷ್ಟು ತಪ್ಪದ ಬರತಾರೇನ ಹೇಳು!”

ಒಂದು ದಿನ ಬಸ್ಸಿನಲ್ಲಿ ಹೂ ಮಾರುವ ಹೆಂಗಸೊಬ್ಬಳು ಕೇಳಿದಳಂತೆ, “ಅಣ್ಣನ ಮಗಳ ಲಗ್ನದಾಗ ನಾ ಆರತಿ ತಾಟು ಹಿಡೀಬಾರದೇನ್ರಿ? ಗಂಡ ಸತ್ತಾಕಿ ಅಂತಾರ.” ಮಾಸ್ತರು ಬರೆದರು: ಹಿಡಿಯಬಹುದು, ಹಿಡಿಯಬೇಕು. ಆ ಬರಹ ಅದ್ಯಾವ ವಾಟ್ಸಾಪ್ ಗುಂಪಿಗೆ ಹೋಯಿತೋ, ಮರುದಿನ ಕಮೆಂಟುಗಳ ಮಳೆ. ಅರಳು ಮರಳು ಅಂದವರು, ಮಾಸ್ತರ ಸತ್ತ ಹೆಂಡತಿಯನ್ನು ಎಳೆದು ತಂದವರು, ನಾನು ಬಾಯಿಬಿಟ್ಟು ಓದಲಾಗದ್ದನ್ನು ಬರೆದವರು. ಮಾಸ್ತರು ಒಬ್ಬೊಬ್ಬರಿಗೂ “ಬರ್ರಿ, ಕುಂತ್ರಿ” ಎಂದು ಶುರು ಮಾಡಿದರು. ಮಧ್ಯಾಹ್ನ ಮೂರು ದಾಟಿದಾಗ ಮಾತು ತೊದಲಿ ಬೆಂಚಿನಿಂದ ಕೆಳಗೆ ಬಿದ್ದರು. ಬುತ್ತಿಯ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ಸಕ್ಕರೆ ನೀರು ಕುಡಿಸಿ ನಾನು ಚೀರಾಡಿದೆ. “ಹಿಂಗ ಸಾಯಬೇಕಂತ ಮಾಡೀರೇನ್ರಿ? ಕಮೆಂಟ್ ಬಂದ್ ಮಾಡತೇನಿ ನೋಡ್ರಿ!”

“ಬಾಗಲಾ ಹಾಕಬ್ಯಾಡ ಯವ್ವಾ,” ಅಂದರು. ಅಷ್ಟೇ.

ನಾನು ಹಾಕಿದೆ. ಅವರಿಗೆ ಹೇಳದೆ, ಬಂದ ಕಮೆಂಟೆಲ್ಲ ಯಾರಿಗೂ ಕಾಣದಂತೆ ಒಳಗೇ ತಡೆಹಿಡಿಯುವ ಹಾಗೆ ಮಾಡಿದೆ. ನಾನೂ ತೆರೆದು ನೋಡಲಿಲ್ಲ. ಮರುದಿನ “ಯಾರ್ಯಾರು ಬಂದಾರ?” ಅಂದಾಗ “ಯಾರೂ ಬಂದಿಲ್ರಿ” ಅಂದೆ. ಹನ್ನೆರಡಕ್ಕೇ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ ಉಂಡರು. ಗೆದ್ದೆ ಅಂದುಕೊಂಡೆ, ಮೂಳಿ ನಾನು.

ಎರಡು ವಾರದಲ್ಲಿ ಅವರ ದನಿ ಇಳಿಯಿತು. ಆ ಹೂವಿನ ಹೆಂಗಸಿಗೆ ಕೊನೆಗೂ ಲಗ್ನದಲ್ಲಿ ತಾಟು ಕೊಡಲಿಲ್ಲವೆಂದು ಬಸ್ಸಿನಲ್ಲಿ ಕೇಳಿ ಬಂದಿದ್ದರು. “ಮಂದಿ ಬೈಯಾಕರ ಬರತಿದ್ರು. ಈಗ ನಾ ಬರದದ್ದು ಬೈಯಾಕೂ ಲಾಯಕ್ಕಿಲ್ಲ ಕಾಣತೈತಿ,” ಅಂದರು. ಬಸ್ಸಿನಲ್ಲಿ ಯಾರನ್ನೂ ಕೇಳುವುದನ್ನು ಬಿಟ್ಟರು. ಬರೆಯುವುದನ್ನೂ ಬಿಟ್ಟರು. ಖರೆ ಹೇಳಿಬಿಡಬೇಕೆಂದು ದಿನಾ ಬಾಯಿಗೆ ಬರುತ್ತಿತ್ತು. ಹೇಳಿದರೆ ಮತ್ತೆ ಉಪವಾಸ ಕೂಡುತ್ತಾರೆಂದು ನುಂಗಿಕೊಂಡೆ.

ಕೊನೆಯ ಸಲ ಬಂದಾಗ ಕೈಯಲ್ಲಿ ಬುತ್ತಿ ಇರಲಿಲ್ಲ. “ಆ ಕಾವಲುಗಾರನೂ ಬಂದಿಲ್ಲೇನವಾ?” ಎಂದು ಕೇಳಿದರು.

“ಇಲ್ರಿ.”

“ಹೋಗ್ಲಿ ಬಿಡು. ಎಲ್ಲೆರ ಇರ್ಲಿ, ಆರಾಮ ಇರ್ಲಿ,” ಎಂದು ಬಸ್ ಹತ್ತಿದರು. ಹನ್ನೊಂದನೆಯ ದಿನಕ್ಕೆ ನೇಸರಗಿಯಿಂದ ಅವರ ತಮ್ಮನ ಫೋನು ಬಂತು, ಮಾಸ್ತರು ತೀರಿಕೊಂಡರೆಂದು.

ಮಣ್ಣಿಗೆ ಹೋಗಿ ಬಂದ ಮೇಲೆ, ತಡೆಹಿಡಿದ ಕಮೆಂಟುಗಳನ್ನು ತೆರೆದೆ. ಹೊಲಸು ಬೈಗುಳಗಳ ನಡುವೆ ಕಾವಲುಗಾರನದೂ ಇತ್ತು: “ಏ ಮಾಸ್ತರಾ, ಯಾಕ ಸುಮ್ಮನಾದಿ? ಆರಾಮ ಇಲ್ಲೇನ? ನಾ ಅಂದದ್ದು ಹೆಚ್ಚಾತೇನ? ಬೈದರ ಬೈ, ಒಂದ ಮಾತರ ಬರಿ.” ತಾರೀಖು ನೋಡಿದೆ. ನಾನು “ಇಲ್ರಿ” ಅಂದ ದಿನದ ಹಿಂದಿನ ದಿನ ಬಂದದ್ದು.

ಅವನಿಗೆ ಇನ್ನೂ ಉತ್ತರ ಬರೆದಿಲ್ಲ. ದಿನಾ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.